ತಲೆಯೊಳಗಿನ ಗಡಿಯಾರ

ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಹಗಲಿನಲ್ಲಿ ಕಣ್ಣು ಹತ್ತುವುದಿಲ್ಲ. ವಾರವಿಡೀ ಹಾಗೆಯೇ ದುಡಿದರೂ ಮೈ ಒಗ್ಗುವುದಿಲ್ಲ. ಮೇಲಿನವರು ಇದನ್ನು ಸೋಮಾರಿತನವೆಂದು ಕರೆಯುವುದುಂಟು. ಪ್ರಯೋಗಶಾಲೆಯ ಇಲಿಗಳ ಕಥೆಯನ್ನು ತಿಳಿದವರು ಹಾಗೆನ್ನಲಾರರು.

ಇಲಿಯನ್ನು ಕಾರ್ಗತ್ತಲೆಯ ಕೋಣೆಯಲ್ಲಿ ಒಂದು ಗಾಲಿಯ ಸಂಗಡ ಬಿಟ್ಟರೆ, ಅದು ಹೆಚ್ಚುಕಡಿಮೆ 24 ಗಂಟೆಗೊಮ್ಮೆ ತಪ್ಪದೆ ಎದ್ದು ಗಾಲಿಯಲ್ಲಿ ಓಡುತ್ತದೆ. ಸೂರ್ಯನನ್ನೇ ಕಾಣದ ಪ್ರಾಣಿಗೆ ಹೊತ್ತು ತಿಳಿಸುವವರು ಯಾರು? 1972ರಲ್ಲಿ ಅಮೆರಿಕದಲ್ಲಿ ಮೂರ್ ಮತ್ತು ಐಕ್ಲರ್ ಎಂಬವರೂ, ಸ್ಟೀಫನ್ ಮತ್ತು ಜುಕರ್ ಎಂಬವರೂ ಬೇರೆ ಬೇರೆಯಾಗಿ ಇದಕ್ಕೆ ಉತ್ತರ ಕಂಡುಕೊಂಡರು. ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲೆ, ಮಿದುಳಿನ ಬುಡದಲ್ಲಿ, ಜೋಡಿ ನರಗಂಟು ಒಂದಿದೆ. ಅದರಲ್ಲಿರುವುದು ಸುಮಾರು 20,000 ಕೋಶಗಳು ಮಾತ್ರ. ಅದನ್ನು ನಾಶಮಾಡಿದ ಇಲಿ ನೀರು ಕುಡಿಯುವುದಕ್ಕೂ ಓಡುವುದಕ್ಕೂ ಹೊತ್ತುಗೊತ್ತನ್ನೇ ಮರೆಯಿತು.

ಇದಕ್ಕಿಂತಲೂ ಸೋಜಿಗದ್ದು 1990ರ ಪ್ರಯೋಗ. ಸುಮಾರು 20 ಗಂಟೆಗೇ ದಿನ ಮುಗಿಸುವ ಹ್ಯಾಮ್‌ಸ್ಟರ್‌ಗಳ ಒಂದು ತಳಿ ರಾಲ್ಫ್ ಮತ್ತು ಮೆನೇಕರ್ ಅವರಿಗೆ ಸಿಕ್ಕಿತ್ತು. (ಹ್ಯಾಮ್‌ಸ್ಟರ್ ಎಂದರೆ ಇಲಿಯ ಜಾತಿಯ, ಮೋಟುಬಾಲದ ಪ್ರಾಣಿ.) ಆ ತಳಿಯ ಭ್ರೂಣದ ನರಗಂಟನ್ನು, ತನ್ನದನ್ನು ಕಳೆದುಕೊಂಡ ಸಾಧಾರಣ ಹ್ಯಾಮ್‌ಸ್ಟರ್‌ಗೆ ಕಸಿಮಾಡಿದಾಗ, ಅದರ ದಿನವೂ 20 ಗಂಟೆಯದಾಯಿತು!

ಇನ್ನು ಈ ಗಡಿಯಾರಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕಗಳ ಮಾತು. ಬೆಳಕು ಕಣ್ಣಿಗೆ ಬಿದ್ದರೆ ನರದ ತುದಿಯಲ್ಲಿ ಗ್ಲೂಟಮೇಟ್ ಎಂಬ ದ್ರವ್ಯ ಸುರಿಯುತ್ತದೆ. ಸಂಜೆ ಕಳೆದ ಮೇಲೆ ಅದು ಬಂದರೆ ಗಡಿಯಾರ ಹಿಂದಕ್ಕೆ ಸರಿಯುತ್ತದೆ. ನಸುಕಿಗೆ ಮುಂಚೆ ಬಂದರೆ ಮುಂದಕ್ಕೆ. ಸುದ್ದಿ ಅದೇ, ಬಂದ ಹೊತ್ತಿಗೆ ತಕ್ಕಂತೆ ಅರ್ಥ ಬೇರೆ. ಸೆರೊಟೊನಿನ್ ಎಂಬ ಇನ್ನೊಂದು ಬೆಳಕಿನ ಕೂಗನ್ನು ತಗ್ಗಿಸುತ್ತದೆ. ನ್ಯೂರೊಪೆಪ್ಟೈಡ್ ವೈ ಎಂಬುದನ್ನು ಹ್ಯಾಮ್‌ಸ್ಟರ್ ಮಲಗುವ ಹಗಲಿನಲ್ಲಿ ಆ ನರಗಂಟಿಗೆ ಚುಚ್ಚಿದರೆ, ಬೆಳಕಿನ ನೆರವಿಲ್ಲದೆಯೇ ಗಡಿಯಾರ ಮುಂದೋಡುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮೊದಲು ಕರುಳಿನಲ್ಲಿ ಸಿಕ್ಕಿದ ವಿ.ಐ.ಪಿ. ಎಂಬ ದ್ರವ್ಯ. (ಮಂತ್ರಿಗಳಿಗೂ ಇದಕ್ಕೂ ಸಂಬಂಧವಿಲ್ಲ.) ನರಗಂಟಿನ ಒಂದೊಂದು ಕೋಶವೂ ತಾನೇ ಒಂದು ಗಡಿಯಾರ, ಅವನ್ನೆಲ್ಲ ಒಂದೇ ಹೊತ್ತಿಗೆ ಕೂಡಿಸುವುದು ಇದೇ. ಇದಿಲ್ಲದೆ ಹುಟ್ಟಿದ ಇಲಿಗಳನ್ನು ಕತ್ತಲೆಯಲ್ಲಿಟ್ಟಾಗ ಹಲವುಗಳ ಲಯ ಕೆಟ್ಟಿತು. ಭೋಂಗಾ ಕೂಗದ ಗಿರಣಿಯಂತೆ, ಕೋಶಗಳು ತಮತಮಗೆ ತೋಚಿದ ಹೊತ್ತಿಗೆ ಕೆಲಸಕ್ಕೆ ಬರತೊಡಗಿದವು.

ಇಲಿ ನಿಶಾಚರ ಪ್ರಾಣಿ. ಅದರ ಲೆಕ್ಕವನ್ನೆಲ್ಲ ಮನುಷ್ಯನಿಗೆ ಹಚ್ಚಬಾರದು. ಆದರೆ ಆ ನರಗಂಟು ನಮ್ಮಲ್ಲಿಯೂ ಇದೆ, ಬೆಳಕಿಗೆ ಓಗೊಡುತ್ತದೆ. ಪಾಳಿ ಬಿಟ್ಟು ಬಾಗಿಲು ದಾಟಿದೊಡನೆ ಮುಖಕ್ಕೆ ಹೊಡೆಯುವ ಬೆಳಗಿನ ಬಿಸಿಲು ಅದನ್ನು ಮತ್ತೆ ಹಗಲಿನ ಕಡೆಗೇ ಎಳೆಯುತ್ತದೆ. ಮಲಗುವ ಖೋಲಿಯ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿಕೊಂಡರೆ ತುಸು ಅನುಕೂಲ. ಪಾಳಿ ವಾರಕ್ಕೊಮ್ಮೆ ಬದಲಾಗುವಲ್ಲಿಯಂತೂ, ಗಡಿಯಾರ ಅತ್ತ ತಿರುಗುವಷ್ಟರಲ್ಲಿ ಇತ್ತಲಿಂದ ಕರೆ ಬಂದಿರುತ್ತದೆ.