ಕೈಯಿಂದ ಕೊಟ್ಟ ಉಸಿರು

ಒಂದು ರಬ್ಬರ್ ಚೀಲ. ಅದನ್ನ ಒತ್ತುತ್ತಾ ಕೂತಿರೋ ಒಬ್ಬ ವಿದ್ಯಾರ್ಥಿ. ಇವತ್ತಿನ ವೆಂಟಿಲೇಟರ್ ಕಥೆಗೆ ಇದಕ್ಕಿಂತ ಒಳ್ಳೆ ಚಿತ್ರ ಸಿಗಲ್ಲ.

1952, ಕೋಪನ್‌ಹೇಗನ್. ಊರ ತುಂಬ ಪೋಲಿಯೊ. ಬ್ಲೆಗ್ಡಾಮ್ ಆಸ್ಪತ್ರೆಗೆ ಬಂದವರಲ್ಲಿ ಎಷ್ಟೋ ಜನರ ಉಸಿರಾಟದ ಸ್ನಾಯುಗಳೇ ಸೋತಿದ್ದವು. ಅಲ್ಲಿದ್ದ ‘ಕಬ್ಬಿಣದ ಶ್ವಾಸಕೋಶ’ ಒಂದೇ ಒಂದು! ತಲೆ ಮಾತ್ರ ಹೊರಗೆ ಬಿಟ್ಟು ರೋಗಿಯನ್ನ ಮಲಗಿಸೋ ದೊಡ್ಡ ಪೆಟ್ಟಿಗೆ ಅದು. ಒಳಗಿನ ಗಾಳಿಯ ಒತ್ತಡ ಇಳಿಸಿದರೆ ಎದೆ ಹಿಗ್ಗುತ್ತೆ, ಉಸಿರು ಒಳಗೆ ಬರುತ್ತೆ.

ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ಉಲ್ಟಾ ಯೋಚಿಸಿದರು. ಗಾಳಿಯನ್ನ ನಾವೇ ಒಳಗೆ ತಳ್ಳಿದರೆ? ಆಗಸ್ಟ್ 27. ಸಾಯೋ ಸ್ಥಿತಿಯಲ್ಲಿದ್ದ 12 ವರ್ಷದ ಹುಡುಗಿ. ಗಂಟಲಲ್ಲಿ ರಂಧ್ರ, ಅದಕ್ಕೊಂದು ಕೊಳವೆ, ಕೊಳವೆಗೆ ಚೀಲ. ಒತ್ತಿದರು. ಹುಡುಗಿ ಬದುಕಿದಳು.

ಸರಿ, ಉಳಿದವರಿಗೆಲ್ಲ ಚೀಲ ಒತ್ತೋರು ಯಾರು? ಸುಮಾರು 1,500 ವಿದ್ಯಾರ್ಥಿಗಳು. ಪಾಳಿಯ ಮೇಲೆ, ಹಗಲೂ ರಾತ್ರಿ, ತಿಂಗಳುಗಟ್ಟಲೆ. ಯಂತ್ರ ಅಲ್ಲ ಸ್ವಾಮಿ, ಬರಿಗೈ! ಮೊದಲು ಇಂಥ ರೋಗಿಗಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಜನ ಸಾಯ್ತಿದ್ದರು. ಆಮೇಲೆ ಅದು ಅರ್ಧಕ್ಕಿಂತ ಕೆಳಗಿಳಿಯಿತು.

1953ರಲ್ಲಿ ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಇಬ್ಸೆನ್ ತೀವ್ರ ನಿಗಾ ಘಟಕ ತೆರೆದರು. ನಾವೀಗ ಐಸಿಯು ಅಂತೀವಲ್ಲ, ಅದೇ.