ಬಾಯಿಗೆ ಕೈ ಅಡ್ಡ ಇಟ್ಟು ನಗೋದ್ಯಾಕೆ?

ಹಾಸ್ಟೆಲ್ ರೂಮಲ್ಲಿ ನಾವೆಲ್ಲ ಬಿದ್ದು ಬಿದ್ದು ನಗುವಾಗ ಒಬ್ಬ ಮಾತ್ರ ಬಾಯಿಗೆ ಕೈ ಅಡ್ಡ ಇಡ್ತಿದ್ದ. ಗ್ರೂಪ್ ಫೋಟೋದಲ್ಲೂ ತುಟಿ ಬಿಗಿದೇ ನಿಲ್ತಿದ್ದ. ಮೊದಲ ಸೆಮಿಸ್ಟರ್‌ನಲ್ಲಿ ನಾವು ‘ಇವನಿಗೆ ಸ್ವಲ್ಪ ಜಂಬ’ ಅಂದುಕೊಂಡಿದ್ವಿ. ಅವನ ಊರು ಪಾವಗಡದ ಕಡೆ. ಹಲ್ಲಿನ ಮೇಲೆ ಕಂದು ಪಟ್ಟೆಗಳು. "ಬ್ರಶ್ ಮಾಡಲ್ವೇನೋ?" ಅಂತ ತಮಾಷೆ ಮಾಡಿದವರೂ ನಮ್ಮಲ್ಲೇ ಇದ್ದರು. ಆ ಪ್ರಶ್ನೆಯೇ ತಪ್ಪು ಅಂತ ಗೊತ್ತಾಗಿದ್ದು ಆಮೇಲೆ.

ಆ ಕಲೆಗೆ ಡೆಂಟಲ್ ಫ್ಲೋರೋಸಿಸ್ ಅಂತಾರೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು ಕಡೆಯ ಎಷ್ಟೋ ಹಳ್ಳಿಗಳಿಗೆ ಆಳದ ಕೊಳವೆಬಾವಿ ನೀರೇ ಗತಿ. ಬಂಡೆಗಳಲ್ಲಿರುವ ಖನಿಜಗಳಿಂದ ಫ್ಲೋರೈಡ್ ಕರಗಿ ಆ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಇರಬಹುದು ಅನ್ನುತ್ತದೆ ಭಾರತೀಯ ಮಾನಕ. ಮಗುವಿಗೆ ಸುಮಾರು 8 ವರ್ಷ ಆಗುವವರೆಗೆ ಕಾಯಂ ಹಲ್ಲುಗಳ ಎನಾಮಲ್ ದವಡೆಯೊಳಗೆ ತಯಾರಾಗುತ್ತಿರುತ್ತದೆ. ಆ ವಯಸ್ಸಲ್ಲಿ ಫ್ಲೋರೈಡ್ ಜಾಸ್ತಿಯಾದರೆ ಎನಾಮಲ್‌ನಲ್ಲಿ ಸೂಕ್ಷ್ಮ ರಂಧ್ರಗಳು ಉಳಿದುಬಿಡುತ್ತವೆ. ಹಲ್ಲು ಹುಟ್ಟಿದ ಮೇಲೆ ಅವು ಕಂದು ಬಣ್ಣ ಹಿಡಿಯುತ್ತವೆ. ನಮ್ಮ ಭಾಷೇಲಿ ಹೇಳೋದಾದ್ರೆ ಇದು ಮೆಂಟೆನೆನ್ಸ್ ದೋಷ ಅಲ್ಲ, ಮ್ಯಾನುಫ್ಯಾಕ್ಚರಿಂಗ್ ದೋಷ. ಎಷ್ಟು ಉಜ್ಜಿದರೂ ಹೋಗಲ್ಲ.

ಹಲ್ಲಿನ ಕಲೆ ಮನಸ್ಸಿಗೆ ಹೇಗೆ ತಾಗುತ್ತೆ? ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದೋ ಪಾಸಿಟಿವ್ ಫೀಡ್‌ಬ್ಯಾಕ್ ನೆನಪಿಸಿಕೊಳ್ಳಿ. ನಾಚಿಕೆಯಿಂದ ಅವನು ನಗೋದು ಕಡಿಮೆ ಮಾಡ್ತಾನೆ. ನೋಡಿದವರು ಅದನ್ನ ಸಿಡುಕು ಅಂತಲೋ ಗರ್ವ ಅಂತಲೋ ತಿಳೀತಾರೆ, ದೂರ ಸರೀತಾರೆ. ‘ನೋಡು, ಹಲ್ಲಿನಿಂದಲೇ ಹೀಗೆ’ ಅಂತ ಅವನಿಗೆ ಖಾತ್ರಿಯಾಗುತ್ತೆ, ಬಾಯಿ ಇನ್ನೂ ಬಿಗಿಯುತ್ತೆ. ಹೆಸರಿಗೆ ಪಾಸಿಟಿವ್, ಕೊನೆಗೆ ಉಳಿಯೋದು ಒಂಟಿತನ. ನಮ್ಮ ಗೆಳೆಯ ಮಾಕ್ ಇಂಟರ್‌ವ್ಯೂನಲ್ಲಿ ಎಲ್ಲ ಪ್ರಶ್ನೆಗೂ ಸರಿಯಾಗೇ ಉತ್ತರ ಕೊಟ್ಟ. ಹಾಳೆಯಲ್ಲಿ ಬಂದದ್ದು ‘ಕಾನ್ಫಿಡೆನ್ಸ್ ಸಾಲದು’. ಇಡೀ ಹೊತ್ತು ತಲೆ ತಗ್ಗಿಸಿಕೊಂಡೇ ಮಾತಾಡಿದ್ದನಂತೆ.

ಇದಕ್ಕೆ ದಾರಿ ಇದೆ. ಕಲೆ ತೆಳುವಾಗಿದ್ದರೆ ದಂತವೈದ್ಯರು ಮೇಲ್ಪದರವನ್ನ ನವಿರಾಗಿ ಉಜ್ಜಿ ತೆಗೀತಾರೆ, ಇಲ್ಲವೇ ಬ್ಲೀಚ್ ಮಾಡ್ತಾರೆ. ಗಾಢವಾಗಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ಅಥವಾ ವೆನೀರ್ ಹಾಕ್ತಾರೆ. ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ. ಉಪ್ಪು, ನಿಂಬೆಹಣ್ಣು ಹಾಕಿ ಉಜ್ಜೋ ಪ್ರಯೋಗ ಮಾತ್ರ ಬೇಡ. ನಿಂಬೆಯ ಆಮ್ಲ ಎನಾಮಲ್ಲನ್ನೇ ಸವೆಸುತ್ತದೆ.

ಊರಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಈ ವಾರವೇ ಮನೆಗೆ ಫೋನ್ ಮಾಡಿ, ಕುಡಿಯೋ ನೀರು ಎಲ್ಲಿಂದ ಬರುತ್ತೆ ಅಂತ ಕೇಳಿ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತೆ. ಆರ್‌ಒ ಇರುವ ಶುದ್ಧ ನೀರಿನ ಘಟಕದಿಂದ ತರೋದು ಒಳ್ಳೇದು.

ನಮ್ಮ ಗೆಳೆಯ ಮುಂದಿನ ಹಲ್ಲುಗಳಿಗೆ ಕಾಂಪೋಸಿಟ್ ಹಾಕಿಸಿಕೊಂಡ. ಆದರೂ ನಗುವಾಗ ಒಮ್ಮೊಮ್ಮೆ ಕೈ ತಾನಾಗೇ ಮೇಲೆ ಹೋಗುತ್ತೆ. ಬ್ರಶ್ ಮಾಡಲ್ವಾ ಅಂತ ನಾವು ಕೇಳದೇ ಇದ್ದಿದ್ರೆ ಆ ಅಭ್ಯಾಸ ಇಷ್ಟು ಗಟ್ಟಿಯಾಗ್ತಿರಲಿಲ್ಲವೇನೋ.