ಮುಟ್ಟದೆ ಬಿಟ್ಟಿದ್ದಕ್ಕೇ ಬಿತ್ತು!

ಹೈಸ್ಕೂಲಿನಲ್ಲಿದ್ದಾಗ ಪ್ರತಿ ಜೂನ್‌ನಲ್ಲೂ ಅಪ್ಪ ನನ್ನನ್ನು ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿ ಹಳೆ ಪುಸ್ತಕದಂಗಡಿಗಳಿದ್ದವು. ಅರ್ಧ ಬೆಲೆಗೆ ಗೈಡ್ ಸಿಗುತ್ತಿತ್ತು. ಅದರ ಅಂಚಿನಲ್ಲಿ ಯಾರೋ ಸೀನಿಯರ್ ಬರೆದಿಟ್ಟ ಟಿಪ್ಪಣಿ ಉಚಿತ!

ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗಾಗಿ 1892ರಲ್ಲಿ ಕಟ್ಟಿದ ವಾಣಿಜ್ಯ ಕಟ್ಟಡವದು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಅಂಗಡಿಗಳು ಖಾಲಿಯಾದವು. 2016ರಲ್ಲಿ ಸಮೀಪದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಉಳಿಸಬೇಕೋ, ಕೆಡವಬೇಕೋ ಎಂಬ ವಾದ ಹೈಕೋರ್ಟ್ ಮೆಟ್ಟಿಲೇರಿತು. 2023ರಲ್ಲಿ ಎರಡನ್ನೂ ಕೆಡವಲು ಅಡ್ಡಿಯಿಲ್ಲವೆಂದು ತೀರ್ಪು ಬಂತು.

‘ಪಾರಂಪರಿಕ ಕಟ್ಟಡ, ಯಾರೂ ಮುಟ್ಟಬಾರದು’ ಎಂದು ನಾನು ಗೆಳತಿಯರ ಜೊತೆ ಜಗಳವಾಡಿದ್ದುಂಟು. ಹಳೆ ಪುಸ್ತಕದ ವ್ಯಾಪಾರಿಯೊಬ್ಬರ ಮುಂದೆಯೂ ಅದನ್ನೇ ಹೇಳಿದೆ. ‘ಮುಟ್ಟದೆ ಬಿಟ್ಟಿದ್ದಕ್ಕೇ ಬಿತ್ತಮ್ಮ’ ಎಂದರು.

ಆಮೇಲೆ ಓದಿ ತಿಳಿದೆ. ಸುಣ್ಣದ ಗಾರೆಯ ಕಟ್ಟಡಕ್ಕೆ ನೀರೇ ಶತ್ರು. ಚಾವಣಿಯ ನೀರು ಹೋಗುವ ದಾರಿ ಕಟ್ಟಿಕೊಂಡರೆ ಗೋಡೆ ನೆನೆಯುತ್ತದೆ, ಮರದ ತೊಲೆ ಕೊಳೆಯುತ್ತದೆ. ಬಿರುಕಿನಲ್ಲಿ ಅರಳಿ ಸಸಿ ಬೇರೂರುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿಯುತ್ತದೆ. ಪ್ರತಿ ಮಳೆಗಾಲಕ್ಕೆ ಮೊದಲು ಚಾವಣಿ ಗುಡಿಸಿ, ಸಸಿ ಕಿತ್ತು, ಸುಣ್ಣದ ಗಾರೆಯಿಂದಲೇ ಬಿರುಕು ಮುಚ್ಚಬೇಕು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಚಾವಣಿ ನಿಲ್ಲುವುದಿಲ್ಲ.

ನಾಲ್ಕು ಜೀವ ಹೋದ ಮೇಲೆ ನಡೆಯುವ ವಾದದಲ್ಲಿ ಗೆಲ್ಲುವವರು ಯಾರೂ ಇಲ್ಲ. ನಿಮ್ಮೂರಿನ ಪೇಟೆ ಬೀದಿಯಲ್ಲೂ ಅಂಥದ್ದೊಂದು ಕಟ್ಟಡ ಇರಬಹುದು. ಅದರ ಮುಂದೆ ಸೆಲ್ಫಿ ತೆಗೆಯುವಾಗ ಗೋಡೆಯಲ್ಲಿ ಸಸಿ ಕಂಡರೆ, ಅದರದ್ದೂ ಒಂದು ಫೋಟೊ ತೆಗೆದು ಅರ್ಜಿ ಕೊಡಿ. ಸಸಿ ಸಣ್ಣದಿದ್ದಾಗಲೇ ಕೊಡಿ.